ಬಿರುಗಾಳಿಗೆ ಮುಂಚೆ ಮನೆಮರಗಳ ಆರೈಕೆ: ಬೆಂಗಳೂರಿನ ಒಂದು ಖಾಸಗಿ ಸೇವೆಯ ವಿಮರ್ಶೆ

ಏಪ್ರಿಲ್ ನಡುವಿನಿಂದ ಶುರುವಾಗುವ ಅಶ್ವಿನಿ, ಭರಣಿ ಮಳೆಗಳು ಬೆಂಗಳೂರಿಗೆ ಎಷ್ಟೋ ಸಲ ನೀರಿಗಿಂತ ಹೆಚ್ಚು ಗಾಳಿಯನ್ನೇ ಹೊತ್ತು ತರುತ್ತವೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಈ ಊರಿನಲ್ಲಿ, ವಾರಗಟ್ಟಲೆ ಬಿಸಿಲು ಕಾದ ಮೇಲೆ ಒಂದು ಸಂಜೆ ಆಲಿಕಲ್ಲಿನೊಡನೆ ಗಾಳಿ ಎದ್ದರೆ ಮರುದಿನ ಬೆಳಗ್ಗೆ ಯಾವುದಾದರೊಂದು ರಸ್ತೆ ಮುಚ್ಚಿರುವುದು ಖಚಿತ. 2024ರ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದಾಗ ನಗರದಲ್ಲಿ ಉರುಳಿದ ಮರಗಳನ್ನು ತೆರವುಗೊಳಿಸಲು ದಿನಗಳೇ ಹಿಡಿದವು. ಅಂಥ ಮಳೆಯ ಮಾರನೆಯ ದಿನ ಮರ ಕಡಿಯುವವರ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಆದರೆ ಆ ಕರೆ ಹೋಗಬೇಕಾದದ್ದು ಜನವರಿ ಅಥವಾ ಫೆಬ್ರವರಿಯಲ್ಲಿ.

ನಾವು ಈ ವರ್ಷ ಫೆಬ್ರವರಿಯಲ್ಲಿ ಕರೆಸಿದ್ದು ದಕ್ಷಿಣ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯನ್ನು. ಇವರು ಮೊದಲು ಮರವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ, ಅದನ್ನು ನಾವು ಒಪ್ಪಿದ ಮೇಲೆ ಮಾತ್ರ ಗರಗಸ ಎತ್ತುತ್ತಾರೆ. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಕೆಲಸವನ್ನು ಅಳೆಯುವ ಬಗೆ ತಿಳಿದರೆ ಓದುಗರು ತಮ್ಮ ಬಡಾವಣೆಯಲ್ಲಿಯೇ ಒಳ್ಳೆಯವರನ್ನು ಹುಡುಕಿಕೊಳ್ಳಬಹುದು. ನಮ್ಮ ನಿವೇಶನದಲ್ಲಿ ಇರುವುದು ಒಂದು ಹಳೆಯ ಮಾವು, ಗೇಟಿನ ಒಳಬದಿಗೆ ಒಂದು ಗುಲ್‌ಮೊಹರ್, ಹಿತ್ತಲಿನಲ್ಲಿ ಎರಡು ತೆಂಗು. ಗೇಟಿನ ಹೊರಗೆ, ಪಾದಚಾರಿ ಮಾರ್ಗದಲ್ಲಿ, ಒಂದು ಹೊಂಗೆಯಿದೆ.

ಪರೀಕ್ಷೆಗೆ ಬಂದವರು ಒಂದೂವರೆ ಗಂಟೆ ತೆಗೆದುಕೊಂಡರು, ಮತ್ತು ಅದರಲ್ಲಿ ಹೆಚ್ಚಿನ ಭಾಗವನ್ನು ನೆಲ ನೋಡುವುದರಲ್ಲಿಯೇ ಕಳೆದರು. ಕಾಂಡದ ಬುಡದಲ್ಲಿ ಅಣಬೆ ಎದ್ದಿದೆಯೇ, ಮರ ವಾಲಿರುವ ದಿಕ್ಕಿಗೆ ಎದುರಿನ ಮಣ್ಣು ಬಿರಿದಿದೆಯೇ, ನೀರಿನ ಪೈಪು ಹಾಕುವಾಗ ಯಾವ ಕಡೆಯ ಬೇರು ಕತ್ತರಿಸಿದ್ದಾರೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡ ಮೇಲೆಯೇ ತಲೆ ಎತ್ತಿ ಕೊಂಬೆಗಳನ್ನು ನೋಡಿದರು. ಇದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ, ಏಕೆಂದರೆ ಗಾಳಿಗೆ ಬುಡಸಮೇತ ಉರುಳುವ ಮರದ ತೊಂದರೆ ಬಹುತೇಕ ಬೇರಿನಲ್ಲಿಯೇ ಇರುತ್ತದೆ: ಚರಂಡಿಗೂ ಕೇಬಲ್ಲಿಗೂ ಅಗೆದು ಒಂದು ಪಕ್ಕದ ಬೇರು ಹೋಗಿರುತ್ತದೆ, ಉಳಿದ ಪಕ್ಕಕ್ಕೆ ಕಾಂಡದವರೆಗೂ ಕಾಂಕ್ರೀಟು ಬಿದ್ದಿರುತ್ತದೆ, ಮಳೆಗೆ ಮಣ್ಣು ನೆನೆದು ಸಡಿಲವಾದಾಗ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ನಮ್ಮ ಗುಲ್‌ಮೊಹರ್ ಸುತ್ತ ಹಾಸಿದ್ದ ಸಿಮೆಂಟನ್ನು ಸುಮಾರು ಒಂದು ಮೀಟರಿನಷ್ಟು ಒಡೆದು ತೆಗೆಯಿರಿ ಎಂಬುದೇ ವರದಿಯ ಮೊದಲ ಸಲಹೆಯಾಗಿತ್ತು. ಅದಕ್ಕೆ ಅವರಿಗೆ ಒಂದು ಪೈಸೆಯ ಲಾಭವೂ ಇಲ್ಲ.

ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನೋಡಲು ಎಷ್ಟು ಚೆಂದವೋ ಗಾಳಿಗೆ ಅಷ್ಟೇ ದುರ್ಬಲ. ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಅಡ್ಡಡ್ಡವಾಗಿ ದೂರ ಚಾಚುತ್ತದೆ, ಮರವೂ ಪೆಳಸು. ಸಾಮಾನ್ಯ ಗುತ್ತಿಗೆದಾರರು ಇಂಥ ಮರವನ್ನು ಕಂಡರೆ ನೆತ್ತಿಯನ್ನೇ ಸವರಿ ಬೋಳಿಸಿಬಿಡುತ್ತಾರೆ. ಒಂದೆರಡು ವರ್ಷ ನೆಮ್ಮದಿ ಅನ್ನಿಸುತ್ತದೆ. ಅಷ್ಟರಲ್ಲಿ ಕಡಿದ ಮೊಂಡಿನ ಅಂಚಿನಿಂದ ಗೊಂಚಲಾಗಿ ಚಿಗುರು ಹೊಮ್ಮಿ, ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡು ಬೇಗ ದಪ್ಪವಾಗಿ, ಒಳಗೆ ಮೊಂಡು ಕೊಳೆಯುತ್ತಿದ್ದಂತೆ ಹಿಂದಿನದಕ್ಕಿಂತ ಸುಲಭವಾಗಿ ಮುರಿಯುವ ಕೊಂಬೆಗಳ ರಾಶಿಯೇ ಸಿದ್ಧವಾಗುತ್ತದೆ. ಈ ಸಂಸ್ಥೆಯವರು ನೆತ್ತಿ ಮುಟ್ಟಲಿಲ್ಲ. ಒಣಗಿದ್ದನ್ನು, ಒಂದಕ್ಕೊಂದು ಉಜ್ಜುತ್ತಿದ್ದುದನ್ನು, ಮನೆಯ ಸಜ್ಜದ ಮೇಲೆ ಚಾಚಿದ್ದ ಒಂದು ಉದ್ದನೆಯ ಕೊಂಬೆಯ ತುದಿಭಾರವನ್ನು ತೆಗೆದರು, ಒಟ್ಟು ಹಸಿರಿನ ಕಾಲು ಭಾಗ ಮೀರದಂತೆ ನೋಡಿಕೊಂಡರು. ಒಳಗಿನ ಸಣ್ಣ ರೆಂಬೆಗಳನ್ನೂ ಸವರಿ ಮರ ತೆಳುವಾಗಿ ಕಾಣುವಂತೆ ಮಾಡಿ ಎಂದು ನಾನು ಹೇಳಿದಾಗ ಮೇಲಿದ್ದ ಕೆಲಸಗಾರ, "ಅದನ್ನ ಬಿಟ್ಬಿಡಿ ಸಾರ್, ಒಳಗಡೆದು ತೆಗೆದ್ರೆ ಭಾರ ಎಲ್ಲಾ ತುದಿಗೇ ಹೋಗುತ್ತೆ" ಎಂದು ಒಪ್ಪಲಿಲ್ಲ. ಗ್ರಾಹಕ ಕೇಳಿದ್ದನ್ನು ಕಾರಣ ಕೊಟ್ಟು ನಿರಾಕರಿಸುವ ಕೆಲಸಗಾರನಿಗೆ ಹೆಚ್ಚು ಕೂಲಿ ಕೊಡಲು ನನಗೆ ಅಡ್ಡಿಯಿಲ್ಲ.

ಕಡಿಯುವ ರೀತಿಯನ್ನು ಹತ್ತಿರದಿಂದ ನೋಡಿದೆ. ತೋಳು ದಪ್ಪದ ಕೊಂಬೆಗೆ ಮೊದಲು ಹಗ್ಗ ಕಟ್ಟಿ, ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಗರಗಸ ಆಡಿಸಿದರು. ಅದರಿಂದ ತುಸು ಮುಂದೆ ಮೇಲಿನಿಂದ ಪೂರ್ತಿ ಕೊಯ್ದು ಕೊಂಬೆಯನ್ನು ಹಗ್ಗದಲ್ಲಿ ಇಳಿಸಿದರು. ಉಳಿದ ಮೊಂಡನ್ನು ಕೊನೆಗೆ, ಕೊಂಬೆ ಕಾಂಡವನ್ನು ಕೂಡುವಲ್ಲಿ ಉಬ್ಬಿದ ಬಳೆಯಂಥ ಭಾಗಕ್ಕೆ ತಾಗದಂತೆ ಅದರ ಹೊರಗೆ ಕೊಯ್ದರು. ಮೊದಲ ಕೊಯ್ತ ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸಿಗಿದುಕೊಂಡು ಬರುತ್ತದೆ. ಆ ಉಬ್ಬು ಉಳಿದರೆ ಮರ ತಾನೇ ಗಾಯವನ್ನು ಸುತ್ತಲಿನಿಂದ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದವರು ಆಮೇಲೆ ಗಾಯಕ್ಕೆ ಕಪ್ಪು ಬಣ್ಣ ಬಳಿದದ್ದು ನನಗೆ ಅರ್ಥವಾಗಲಿಲ್ಲ. ಸಾವಿರಾರು ಮರಗಳನ್ನು ಸೀಳಿ ಗಾಯಗಳನ್ನು ಅಧ್ಯಯನ ಮಾಡಿದ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ, ಇಂಥ ಲೇಪ ಕೊಳೆಯುವುದನ್ನು ತಡೆಯುವುದಿಲ್ಲ ಎಂದು ದಶಕಗಳ ಹಿಂದೆಯೇ ತೋರಿಸಿದ್ದಾರೆ. ನಮ್ಮ ತೋಟಗಾರಿಕೆಯವರು ಹಣ್ಣಿನ ಮರಗಳಿಗೆ ಹೇಳುವ ಬೋರ್ಡೋ ಮುಲಾಮಿನ ವಿಚಾರ ಬೇರೆ; ಅದು ಶಿಲೀಂಧ್ರನಾಶಕ. ಇವರು ಬಳಿದದ್ದು ಬರಿಯ ಪೇಂಟು, ಬಿಲ್ಲಿನಲ್ಲಿ ಅದಕ್ಕೊಂದು ಸಾಲೂ ಇತ್ತು.

ಮಾವಿನ ವಿಷಯದಲ್ಲಿ ಅವರ ಸಂಯಮ ಇನ್ನೂ ಚೆನ್ನಾಗಿತ್ತು. ಮಾವು ಹೂ ಬಿಡುವುದು ರೆಂಬೆಯ ತುದಿಯಲ್ಲಿ. ಫೆಬ್ರವರಿಯಲ್ಲಿ ತುದಿ ಸವರಿದರೆ ಆ ವರ್ಷದ ಫಸಲು ಹೋಯಿತೆಂದೇ ಲೆಕ್ಕ. ಆದ್ದರಿಂದ ಒಣಗಿದ ಕೊಂಬೆಗಳನ್ನೂ ಬಂದಳಿಕೆಯನ್ನೂ ಮಾತ್ರ ತೆಗೆದು, ಆಕಾರ ತಿದ್ದುವ ಕೆಲಸವನ್ನು ಕೊಯ್ಲಿನ ನಂತರಕ್ಕೆ ಮುಂದೂಡಿದರು. ಹಕ್ಕಿಗಳು ಅಂಟುಬೀಜ ಉಜ್ಜಿ ಹರಡುವ ಈ ಬಂದಳಿಕೆಯನ್ನು ಕೈಯಿಂದ ಕಿತ್ತು ಹಾಕಿದರೆ ಸಾಲದು, ಅದರ ಬೇರು ಮಾವಿನ ಕೊಂಬೆಯ ಒಳಗೇ ಇಳಿದಿರುವುದರಿಂದ ಅಂಟಿಕೊಂಡ ಜಾಗಕ್ಕಿಂತ ಒಂದಡಿಯಾದರೂ ಕೆಳಗೆ ಕೊಂಬೆಯನ್ನೇ ಕೊಯ್ಯಬೇಕು. ಹಾಗೆಯೇ ಮಾಡಿದರು. ಬಂದಳಿಕೆ ಹೋದ ಮೇಲೆ ಪಡುವಣ ಬಿಸಿಲಿಗೆ ಹೊಸದಾಗಿ ತೆರೆದುಕೊಂಡ ದಪ್ಪ ಕೊಂಬೆಗಳಿಗೆ ಸುಣ್ಣ ಹೊಡೆದರು. ಏಪ್ರಿಲ್ ಬಿಸಿಲಿಗೆ ನೆರಳು ತಪ್ಪಿದ ತೊಗಟೆ ಸುಟ್ಟು ಬಿರಿಯುತ್ತದೆ, ಆ ಬಿರುಕಿನಲ್ಲಿ ಹುಳು ಸೇರುತ್ತದೆ. ಕಾಂಡಕೊರಕ ಹೊಕ್ಕಿದ ಗುರುತಾಗಿ ಬುಡದಲ್ಲಿ ಮರದ ಹೊಟ್ಟು ಉದುರಿದೆಯೇ ಎಂದು ವಾರಕ್ಕೊಮ್ಮೆ ನೋಡಲು ಹೇಳಿ ಹೋದರು.

ಹೊರಗಿನ ಹೊಂಗೆಯನ್ನು ಮುಟ್ಟಲು ಅವರು ಒಪ್ಪಲೇ ಇಲ್ಲ, ಮತ್ತು ಅದು ಅವರ ಪರವಾಗಿ ಹೇಳಬೇಕಾದ ದೊಡ್ಡ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಮರ ಕಡಿಯುವುದೆಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆಗಳನ್ನು ಸವರುವುದು, ತಲೆ ಬೋಳಿಸುವುದು, ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಎಲ್ಲವೂ ಅದರೊಳಗೆ ಸೇರುತ್ತವೆ. ರಸ್ತೆಯ ಮರ ಪಾಲಿಕೆಗೆ ಸೇರಿದ್ದು, ಅರ್ಜಿ ಹೋಗಬೇಕಾದದ್ದು ವೃಕ್ಷಾಧಿಕಾರಿಗೆ. ಸ್ವಂತ ನಿವೇಶನದ ಮರವಾದರೂ ಕೆಲವು ವಿನಾಯಿತಿ ಜಾತಿಗಳನ್ನು ಬಿಟ್ಟು ಉಳಿದವಕ್ಕೆ ಅನುಮತಿ ಬೇಕು. "ಪರ್ಮಿಷನ್ ಗಿರ್ಮಿಷನ್ ಏನೂ ಬೇಡ, ಭಾನುವಾರ ಮುಗಿಸಿಬಿಡೋಣ" ಎನ್ನುವವರು ಸಿಕ್ಕರೆ ಅಲ್ಲಿಗೇ ಕೈ ಮುಗಿದು ಕಳಿಸುವುದು ಲೇಸು. ನೋಟಿಸು ಬಂದಾಗ ಅವರು ಊರಿನಲ್ಲಿರುವುದಿಲ್ಲ.

ಕೊರತೆಗಳೂ ಇವೆ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಗೆ ಲೈನ್ ಆಫ್ ಮಾಡಿಸಿದ ಮೇಲೆಯೇ ಹತ್ತುತ್ತೇವೆ ಎಂಬುದು ನ್ಯಾಯವೇ, ಆದರೆ ಆ ವಿಷಯವನ್ನು ಅವರು ಹೇಳಿದ್ದು ಕೆಲಸದ ದಿನ ಬೆಳಗ್ಗೆ. ಹಾಗಾಗಿ ಆ ಒಂದು ಕೊಂಬೆಗಾಗಿ ಮತ್ತೊಂದು ದಿನ ಬರಬೇಕಾಯಿತು. ತ್ಯಾಜ್ಯ ಸಾಗಣೆ ಸೇರಿದೆ ಎಂದು ಅಂದಾಜು ಪಟ್ಟಿಯಲ್ಲಿ ಬರೆದಿದ್ದರೂ ಕೊರಡುಗಳನ್ನಷ್ಟೇ ಒಯ್ದು ಸೊಪ್ಪನ್ನೂ ಸಣ್ಣ ರೆಂಬೆಗಳನ್ನೂ ಗೇಟಿನ ಬಳಿ ಬಿಟ್ಟರು, ಎರಡು ಸಲ ಫೋನ್ ಮಾಡಿದ ಮೇಲೆ ಗಾಡಿ ಬಂತು. ಮಾವಿನ ಬುಡಕ್ಕೆ ಮುಚ್ಚಿಗೆಯಾಗಿ ತರಗೆಲೆ ಹಾಕಿದ್ದು ಒಳ್ಳೆಯದೇ, ಆದರೆ ಅದನ್ನು ಕಾಂಡಕ್ಕೆ ತಾಗಿಸಿ ಗುಡ್ಡೆ ಮಾಡಿದ್ದರು. ತೇವ ನಿಂತು ತೊಗಟೆ ಕೊಳೆಯುತ್ತದೆಂದು ನಾನೇ ಗೇಣುದ್ದ ಹಿಂದಕ್ಕೆ ಸರಿಸಿದೆ. ನೀರು ಕೊಡುವ ಬಗ್ಗೆ ವರದಿಯಲ್ಲಿ ಒಂದೇ ಸಾಲು ಇತ್ತು. ದಿನವೂ ಕಾಂಡದ ಬುಡಕ್ಕೆ ಒಂದು ಬಕೆಟ್ ಸುರಿಯುವ ಬದಲು, ಕೊಂಬೆಗಳ ನೆರಳಿನ ಅಂಚಿನಲ್ಲಿ ವಾರಕ್ಕೊಮ್ಮೆ ಪೈಪನ್ನು ಸಣ್ಣಗೆ ಬಿಟ್ಟು ಆಳಕ್ಕೆ ಇಂಗಿಸಬೇಕೆಂಬುದನ್ನು ಬೇಸಿಗೆ ಹೊಸ್ತಿಲಲ್ಲಿರುವಾಗ ಬಿಡಿಸಿ ಹೇಳಬೇಕಿತ್ತು.

ಜಿಎಸ್‌ಟಿ ಸೇರಿ ಎರಡು ಮರಗಳಿಗೆ 14,000 ರೂಪಾಯಿ ಆಯಿತು. ಮಚ್ಚು ಹಿಡಿದು ಬರುವವರು ಕೇಳಿದ್ದಕ್ಕಿಂತ ಇದು ದುಪ್ಪಟ್ಟಿಗೂ ಹೆಚ್ಚು. ಹೆಲ್ಮೆಟ್, ಬೆಲ್ಟು, ಹಗ್ಗ, ಕೆಲಸಗಾರರ ವಿಮೆ ಇವೆಲ್ಲ ಅದರಲ್ಲಿ ಸೇರಿವೆ ಎಂದು ನೋಡಿದರೆ ದುಬಾರಿ ಎನ್ನಲಾರೆ, ಪೇಂಟಿನ ಸಾಲೊಂದನ್ನು ಬಿಟ್ಟು. ಮಾವಿನ ಕಾಯಿ ಇಳಿಸಿದ ಮೇಲೆ ಆಕಾರ ತಿದ್ದಲು ಇವರನ್ನೇ ಕರೆಯುತ್ತೇನೆ, ತ್ಯಾಜ್ಯದ ಮಾತನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಂಡು. ತೆಂಗಿನ ಒಣಗರಿ, ಕಾಯಿ ಇಳಿಸಲು ಇಷ್ಟು ಹಣ ಬೇಕಿಲ್ಲ. ಅದಕ್ಕೆ ಬಡಾವಣೆಗೆ ಮಾಮೂಲಾಗಿ ಬರುವ ಮರ ಹತ್ತುವವನೇ ಸಾಕು.