ತುಲಾ ಮಾಸದ ಒಂದು ದಿನಕ್ಕೆ: ರಾಜಾಸೀಟೋ ನಿಸರ್ಗಧಾಮವೋ, ಕೋಟೆಯೋ ಸನ್ನಿಸೈಡೋ

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಮುಗಿದು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಹತ್ತಿರ ಬಂದಾಗ ಕೊಡಗಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಡುತ್ತದೆ. ಆಮೇಲೆ ಹೊಸ ಭತ್ತದ ಹಬ್ಬ ಪುತ್ತರಿ, ಅದರ ಹಿಂದೆಯೇ ಕಾಫಿ ಕೊಯ್ಲು; ತೋಟದವರಿಗೆ ಪುರುಸೊತ್ತಿರುವುದಿಲ್ಲ. ಹಾಗಾಗಿ ನಮ್ಮ ಮನೆಯ ತಿರುಗಾಟವೆಲ್ಲ ಈ ನಡುವಿನ ವಾರಗಳಲ್ಲೇ. ಮಿಲಿಟರಿಯಿಂದ ನಿವೃತ್ತರಾದ ಅಪ್ಪ, ಶಾಲೆಗೆ ಹೋಗುವ ಮಗಳು, ನಾನು ಮೂವರೂ ಸೇರಿ ಎರಡು ತೋಟ, ಎರಡು ಮ್ಯೂಸಿಯಂ ನೋಡಿ ಬಂದೆವು.

ಮೊದಲು ತೋಟಗಳು. ಮಡಿಕೇರಿಯ ರಾಜಾಸೀಟ್‌ಗೆ ಎಲ್ಲರೂ ಸಂಜೆಯೇ ಹೋಗುತ್ತಾರೆ. ಕೊಡಗಿನ ಅರಸರು ಸೂರ್ಯಾಸ್ತ ನೋಡುತ್ತಿದ್ದ ಆ ಕಮಾನಿನ ಮಂಟಪದ ಸುತ್ತ ಆಗ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಹೋಗಿ. ಕಣಿವೆಯಿಂದ ಮಂಜು ಏಳುವಾಗ ಒಂದೊಂದೇ ಬೆಟ್ಟ ಕಾಣಿಸಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ಆದರೆ ಗಿಡ ನೋಡಬೇಕೆಂದು ಹೋದವರಿಗೆ ಈ ತಿಂಗಳಲ್ಲಿ ಅಷ್ಟೊಂದು ಸಿಗುವುದಿಲ್ಲ. ಮಳೆಗೆ ಸೊರಗಿದ ಪಾತಿಗಳಲ್ಲಿ ಸಸಿ ಆಗಷ್ಟೇ ನೆಟ್ಟಿದ್ದರು. ಹೂವು ಬೇಕೆಂದರೆ ಚಳಿಗಾಲದ ಫಲಪುಷ್ಪ ಪ್ರದರ್ಶನದವರೆಗೆ ಕಾಯುವುದು ಒಳ್ಳೆಯದು.

ಗಿಡಮರದ ಆಸೆಗೆ ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮವೇ ಸರಿ. ತೂಗುಸೇತುವೆ ದಾಟಿದರೆ ಸುತ್ತ ಕಾವೇರಿ, ನಡುವೆ ದ್ವೀಪ, ತಲೆಯ ಮೇಲೆ ಬಿದಿರು. ಮಳೆಗಾಲದಲ್ಲಿ ಕಳಲೆಯಾಗಿ ಮೇಲೆದ್ದದ್ದು ಅಕ್ಟೋಬರ್ ಹೊತ್ತಿಗೆ ಹಳೆಯ ಬಿದಿರಿನಷ್ಟೇ ಎತ್ತರ ಬೆಳೆದಿರುತ್ತದೆ. ಗಣ್ಣುಗಳಿಗೆ ಅಂಟಿಕೊಂಡ ಒಣ ಹಾಳೆ ಒಂದೊಂದಾಗಿ ಕಳಚಿ ಬೀಳುತ್ತಿರುತ್ತದೆ. ಮಗಳು ಒಂದು ಹಾಳೆ ಎತ್ತಿಕೊಂಡಳು. ಹೊರಮೈಯಲ್ಲಿ ಸುಣೆ ಎಂಬ ಕಂದು ನವಿರು ಕೂದಲು, ಒಳಮೈ ಎಣ್ಣೆ ಹಚ್ಚಿದಷ್ಟು ನುಣುಪು. "ಸುಣೆ ಮುಟ್ಟಬೇಡ ಮಗಾ, ಕೈಯೆಲ್ಲ ತುರಿಸುತ್ತೆ" ಎಂದರು ಅಪ್ಪ. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಡುತ್ತದೆ, ಬಿದಿರಕ್ಕಿ ಉದುರಿಸಿ ಮೆಳೆಗೆ ಮೆಳೆಯೇ ಒಣಗಿಹೋಗುತ್ತದೆ ಎಂಬುದನ್ನು ಅವಳಿಗೆ ಅಲ್ಲೇ ನಿಂತು ಹೇಳಿದರು. ಪುಸ್ತಕದಲ್ಲಿ ಓದಿದ್ದರೆ ಅವಳಿಗೆ ಅದು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಒಂದೇ ತೊಂದರೆ, ಹೊಳೆ ತುಂಬಿದರೆ ಪ್ರವೇಶ ಇರುವುದಿಲ್ಲ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸೇತುವೆ ತೂಗಾಡುವುದರಿಂದ ಮಂಡಿನೋವಿನ ಹಿರಿಯರ ಕೈ ಹಿಡಿದುಕೊಳ್ಳಬೇಕು.

ಇನ್ನು ಮ್ಯೂಸಿಯಂ. ಮಡಿಕೇರಿ ಕೋಟೆಯೊಳಗಿನದ್ದು ಸೇಂಟ್ ಮಾರ್ಕ್ಸ್ ಚರ್ಚಿನ ಹಳೆಯ ಕಟ್ಟಡದಲ್ಲಿದೆ. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ವೀರಗಲ್ಲು, ವಿಗ್ರಹ, ಹಳೆಯ ಆಯುಧ. ಕಲ್ಲು ನೋಡಿ ಓದುವ ಅಭ್ಯಾಸವಿದ್ದವರಿಗೆ ಹಬ್ಬ. ಮಗಳಿಗೆ ಮಾತ್ರ ಅಂಗಳದ ಎರಡು ಆನೆ ಪ್ರತಿಮೆಗಳೇ ಸಾಕಾದವು.

ಜನರಲ್ ತಿಮ್ಮಯ್ಯ ಮ್ಯೂಸಿಯಂ, ಅಂದರೆ ಅವರು ಹುಡುಗನಾಗಿ ಬೆಳೆದ 'ಸನ್ನಿಸೈಡ್' ಮನೆ, ನನ್ನ ಪ್ರಕಾರ ಇಡೀ ಮಡಿಕೇರಿಯಲ್ಲೇ ಮೊದಲು ನೋಡಬೇಕಾದ್ದು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಮಗು, 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಏರಿಸಿ ಗೆದ್ದದ್ದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡದ್ದು, ಎಲ್ಲವನ್ನೂ ಕೋಣೆಯಿಂದ ಕೋಣೆಗೆ ನಡೆಯುತ್ತಾ ನೋಡುತ್ತೀರಿ. ಗತ್ತಿನ ಬಂಗಲೆಯಲ್ಲ, ಹೆಂಚಿನ ಮನೆ. ನಮ್ಮ ಅಜ್ಜನ ಕಾಲದ ಮನೆಗಳೂ ಹೀಗೇ ಇದ್ದವು. ಸಮವಸ್ತ್ರದ ಮುಂದೆ ನಿಂತ ಅಪ್ಪ, ಬೆಲ್ಟಿನ ಹಿತ್ತಾಳೆ ಬಕಲ್ ಉಜ್ಜಿ ಹೊಳೆಯಿಸುತ್ತಿದ್ದ ಬಗೆಯನ್ನು ಮಗಳಿಗೆ ಬೆರಳಾಡಿಸಿ ತೋರಿಸಿದರು. ಮನೆಯಲ್ಲಿ ಪಲ್ಟನ್ ಮಾತೆತ್ತಿದರೆ ಎದ್ದುಹೋಗುವ ಹುಡುಗಿ ಅಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಕೋಟೆಯ ವೀರಗಲ್ಲಿನಲ್ಲೂ ಯುದ್ಧದಲ್ಲಿ ಮಡಿದವನ ಕಥೆಯೇ ಇದೆ, ಆದರೆ ಅಲ್ಲಿ ಬಿಡಿಸಿ ಹೇಳುವವರು ಬೇಕು. ಸನ್ನಿಸೈಡ್‌ನ ಸೇನೆಯ ಕಥೆಗಾದರೆ ಕೊಡಗಿನ ಮನೆ ಮನೆಯಲ್ಲೂ ಹೇಳುವವರೊಬ್ಬರು ಇದ್ದೇ ಇರುತ್ತಾರೆ.

ಒಂದೇ ದಿನದಲ್ಲಿ ಎರಡು ನೋಡುವುದಾದರೆ ಬೆಳಿಗ್ಗೆ ನಿಸರ್ಗಧಾಮ, ಊಟ ಮುಗಿಸಿ ಸನ್ನಿಸೈಡ್. ಈ ದಿನಗಳಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆಗ ಸೂರಿನ ಕೆಳಗಿರುವುದು ಲೇಸು. ಹಿರಿಯರಿಗೆ ಕುಶಾಲನಗರ, ಮಡಿಕೇರಿ ಎರಡೂ ಕಡೆಯ ಪಯಣ ಆಯಾಸವೆನಿಸಿದರೆ ಬೆಳಗಿನ ರಾಜಾಸೀಟ್, ಆಮೇಲೆ ಸನ್ನಿಸೈಡ್. ಕೋಟೆಯನ್ನು ಇನ್ನೊಂದು ದಿನಕ್ಕಿಟ್ಟುಕೊಳ್ಳಿ. ಸೋಮವಾರ ಹೊರಡುವುದಾದರೆ ಮ್ಯೂಸಿಯಂಗೆ ರಜೆಯೇ ಎಂದು ಮೊದಲೇ ಕೇಳಿಕೊಳ್ಳಿ.