ಒಂದು ವರ್ಷದ ಪಾಪ್, ಒಂದೇ ಆ್ಯಪ್: 2024 ಪೂರ್ತಿ ಕೇಳಿದ ಮೇಲೆ

ಮ್ಯೂಸಿಕ್ ಆ್ಯಪ್ ಬಗ್ಗೆ ಬರುವ ವಿಮರ್ಶೆಗಳು ಹೆಚ್ಚಾಗಿ ಒಂದೆರಡು ವಾರ ಬಳಸಿ ಬರೆದಂಥವು. ಆಲ್ಬಂ ವಿಮರ್ಶೆಗಳಂತೂ ಬಿಡಿ, ರಾತ್ರಿ ಬಿಡುಗಡೆಯಾದರೆ ಬೆಳಗಾಗುವಷ್ಟರಲ್ಲಿ ನಕ್ಷತ್ರ ಹಂಚಿ ಮುಗಿದಿರುತ್ತದೆ. ನಾನು 2024 ಪೂರ್ತಿ ಒಂದೇ ಆ್ಯಪ್‌ಗೆ ಚಂದಾ ಕಟ್ಟಿ, ಆ ವರ್ಷದ ಇಂಗ್ಲಿಷ್ ಪಾಪ್ ಹಾಡುಗಳನ್ನು ಅದರಲ್ಲೇ ಕೇಳಿದೆ. ಆಮೇಲೂ ಬಿಟ್ಟಿಲ್ಲ. ಹಾಗಾಗಿ ಇದು ಆ್ಯಪ್‌ನ ವಿಮರ್ಶೆಯೂ ಹೌದು, ಆ ವರ್ಷದ ವಿಮರ್ಶೆಯೂ ಹೌದು. ಎರಡನ್ನೂ ಬೇರೆ ಮಾಡೋದು ಕಷ್ಟ, ಯಾಕೆಂದರೆ ಯಾವ ಹಾಡು ಎಷ್ಟು ಸಲ ಕಿವಿಗೆ ಬೀಳಬೇಕು ಅನ್ನೋದನ್ನ ಈಗ ಅರ್ಧಕ್ಕರ್ಧ ಆ್ಯಪ್ಪೇ ತೀರ್ಮಾನ ಮಾಡುತ್ತದೆ. ಆ್ಯಪ್‌ನ ಹೆಸರು ಬೇಡ. ನಾನು ಹೇಳುವ ತೊಂದರೆಗಳು ಇದೊಂದರದ್ದೇ ಅಂತಲೂ ನನಗೆ ಅನ್ನಿಸುವುದಿಲ್ಲ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ವರ್ಷಕ್ಕೆ ಐದರಲ್ಲಿ ನಾಲ್ಕು. ಆ್ಯಪ್‌ಗೆ ಮೂರು, ಅದೂ ಸ್ವಲ್ಪ ಧಾರಾಳವಾಗಿ. ವರ್ಷ ಗೆದ್ದದ್ದು ನಿಧಾನಕ್ಕೆ ಬಂದ ಹಾಡುಗಳಿಂದ. ಆ್ಯಪ್‌ಗೆ ಮಾತ್ರ ನಿಧಾನ ಅನ್ನೋದೇ ಗೊತ್ತಿಲ್ಲ.

ಏಪ್ರಿಲ್ 19 ನೆನಪಿದೆಯಾ? ಟೇಲರ್ ಸ್ವಿಫ್ಟ್‌ಳ 'ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' ಬಂದ ದಿನ. ಆಲ್ಬಂ ಬಂತು, ಜನ ಇನ್ನೂ ಮೊದಲ ಸುತ್ತು ಕೇಳಿ ಮುಗಿಸಿರಲಿಲ್ಲ, ಎರಡು ಗಂಟೆ ಕಳೆಯುವಷ್ಟರಲ್ಲಿ ಇನ್ನೂ ಹದಿನೈದು ಹಾಡು ಬಂದು ಒಟ್ಟು 31 ಆಯಿತು. ಆ್ಯಪ್ ತೆರೆದರೆ ಮೇಲೆ ಟೇಲರ್, ಕೆಳಗೆ ಟೇಲರ್, 'ನಿಮಗಾಗಿ' ಅನ್ನೋ ಸಾಲಿನಲ್ಲೂ ಟೇಲರ್. ಅಮೆರಿಕದಲ್ಲಿ ಮೊದಲ ವಾರವೇ 26 ಲಕ್ಷ ಪ್ರತಿಗಳ ಲೆಕ್ಕ ದಾಟಿತು, ವರ್ಷದಲ್ಲಿ 17 ವಾರ ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ದಾಖಲೆ ದೊಡ್ಡದು, ಒಪ್ಪಿದೆ. ಆದರೆ ಆ 31ರಲ್ಲಿ ನನ್ನ ಪ್ಲೇಲಿಸ್ಟಿನಲ್ಲಿ ಇವತ್ತಿಗೂ ಉಳಿದಿರೋದು ಬೆರಳೆಣಿಕೆಯಷ್ಟು. ಉಳಿದವು ಕೆಟ್ಟ ಹಾಡುಗಳಲ್ಲ. ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ, ಅದೇ ಮಂದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡಿನ ನಾದ), ಅದೇ ಏರಿಳಿತ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅನ್ನೋದೇ ತಿಳಿಯೋದಿಲ್ಲ. ಹದಿನಾರರಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಹನ್ನೆರಡಾಗಿದ್ದರೆ ಇನ್ನೂ ಚೆನ್ನ.

ಆದರೂ ಒಂದು ಹಾಡಿನ ಬಗ್ಗೆ ಹೇಳಲೇಬೇಕು. 'ಐ ಕ್ಯಾನ್ ಡೂ ಇಟ್ ವಿತ್ ಅ ಬ್ರೋಕನ್ ಹಾರ್ಟ್'. ಹೆಡ್‌ಫೋನ್ ಹಾಕಿ ಕೇಳಿ. ಕುಣಿಯೋ ಸಿಂಥ್‌ನ ಒಳಗೆ ಒಂದು ಧ್ವನಿ ಒನ್, ಟೂ, ತ್ರೀ, ಫೋರ್ ಅಂತ ಎಣಿಸುವುದು ಕೇಳುತ್ತದೆ. ವೇದಿಕೆ ಮೇಲಿರುವ ಗಾಯಕರ ಕಿವಿಯೊಳಗೆ ತಾಳ ತಪ್ಪದಿರಲಿ ಅಂತ ಹಾಕುತ್ತಾರಲ್ಲ, ಅದೇ ಎಣಿಕೆ. ಪ್ರೇಕ್ಷಕರಿಗೆ ಅದು ಯಾವತ್ತೂ ಕೇಳಿಸಬಾರದು. ಮನಸ್ಸು ಮುರಿದಿದೆ, ಆದರೂ ನಗುತ್ತಾ ಕುಣಿಯಬೇಕು ಅನ್ನೋ ಹಾಡಿನಲ್ಲಿ ಆ ಎಣಿಕೆಯನ್ನು ನಮಗೂ ಕೇಳಿಸಿದ್ದಾರೆ. ಫೋನಿನ ಸ್ಪೀಕರ್‌ನಲ್ಲಿ ಇದು ಸಿಗೋದೇ ಇಲ್ಲ. ಅಂದ ಹಾಗೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಆಡಿಯೋ ಗುಣಮಟ್ಟ 'ಆಟೋಮ್ಯಾಟಿಕ್' ಅಂತಿದ್ದರೆ ತೆಗೆದು 'ಹೈ' ಮಾಡಿಕೊಳ್ಳಿ. ನೆಟ್‌ವರ್ಕ್ ಸ್ವಲ್ಪ ಕುಂಟಿದರೂ ಸದ್ದಿಲ್ಲದೆ ಗುಣಮಟ್ಟ ಇಳಿಸಿಬಿಡುತ್ತದೆ, ಆಮೇಲೆ ಈ ಹಾಡೇನು ಸಪ್ಪೆ ಅಂತ ನಾವು ಗಾಯಕರನ್ನ ಬಯ್ಯುತ್ತೇವೆ.

ಈಗ ಮೇ 17ಕ್ಕೆ ಬನ್ನಿ. ಬಿಲ್ಲಿ ಐಲಿಶ್ 'ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್' ತಂದಳು. ಹತ್ತೇ ಹಾಡು. ಮುಂಚಿತವಾಗಿ ಒಂದು ಬಿಡಿ ಹಾಡು (ಸಿಂಗಲ್) ಕೂಡ ಬಿಡಲಿಲ್ಲ, ಪೂರ್ತಿ ಆಲ್ಬಂ ಒಟ್ಟಿಗೆ ಕೇಳಿ ಅಂದಳು. ಮೊದಲಿಗೆ ಎಲ್ಲರೂ 'ಲಂಚ್' ಹಿಂದೆ ಬಿದ್ದರು, ಆ್ಯಪ್ ಕೂಡ ಅದನ್ನೇ ಮುಂದೆ ತಳ್ಳಿತು. 'ಬರ್ಡ್ಸ್ ಆಫ್ ಅ ಫೆದರ್' ಸುಮ್ನೆ ಮೂಲೆಯಲ್ಲಿ ಕೂತಿತ್ತು. ತಿಂಗಳುಗಳು ಕಳೆದ ಹಾಗೆ ಅದು ಮೇಲೇರಿ ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಬರೀ ಪ್ರಚಾರದಿಂದ ಆಗುವ ಕೆಲಸ ಅಲ್ಲ ಇದು. ಕೇಳಿದವರು ಮತ್ತೆ ಮತ್ತೆ ಕೇಳಿದರು, ಪಕ್ಕದವರಿಗೂ ಕೇಳಿಸಿದರು.

ಇದೇ ಆಲ್ಬಂನಲ್ಲಿ ಆ್ಯಪ್ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು. 'ಲಾಮೂರ್ ದ ಮಾ ವಿ' ಅಂತೊಂದು ಹಾಡಿದೆ. ಅರ್ಧದವರೆಗೆ ಹಳೇ ಕಾಲದ ಮೆಲ್ಲನೆ ಹಾಡು, ಆಮೇಲೆ ಇದ್ದಕ್ಕಿದ್ದಂತೆ ಧ್ವನಿ ಯಂತ್ರದ ಹಾಗಾಗಿ, ತಾಳ ಓಡೋಕೆ ಶುರುವಾಗಿ, ಬೇರೆಯದೇ ಹಾಡಾಗುತ್ತದೆ. ಈ ತಿರುವಿಗೋಸ್ಕರವೇ ಹಿಂದಿನ ಹಾಡುಗಳು ಅಷ್ಟು ಮೆತ್ತಗಿರೋದು. ಅದನ್ನ, ಹಾಡುಗಳ ಕ್ರಮ ಕಲಸಿ ನುಡಿಸುವ ಶಫಲ್‌ನಲ್ಲಿ, ಯಾವುದೋ ಡ್ಯಾನ್ಸ್ ಹಾಡಿನ ಹಿಂದೆ ತಂದು ನಿಲ್ಲಿಸಿದರೆ ಏನು ಉಳಿಯುತ್ತದೆ ಹೇಳಿ? ಆಲ್ಬಂ ಪುಟ ತೆರೆದು ಒತ್ತಿದರೂ ನಮ್ಮ ಆ್ಯಪ್ ಎಷ್ಟೋ ಸಲ ಶಫಲ್‌ನಲ್ಲೇ ಶುರು ಮಾಡುತ್ತದೆ. ಹಿಂದಿನ ಸಲ ಬೇರೆ ಎಲ್ಲೋ ಆನ್ ಮಾಡಿದ್ದನ್ನ ಇಲ್ಲಿಗೂ ಎಳೆದು ತರುತ್ತದೆ.

ಇನ್ನೊಂದು ಕಾಟ ಕ್ರಾಸ್‌ಫೇಡ್. ಒಂದು ಹಾಡಿನ ಬಾಲ, ಮುಂದಿನ ಹಾಡಿನ ತಲೆ ಎರಡನ್ನೂ ಕಲಸಿ ಹಾಕೋದು. ಪಾರ್ಟಿಗೆ ಸರಿ. ಆದರೆ ಚಾಪೆಲ್ ರೋನ್‌ಳ 'ಗುಡ್ ಲಕ್, ಬೇಬ್!' ಕೊನೆಯನ್ನು ಗಮನಿಸಿ ಕೇಳಿದ್ದೀರಾ? ಮಧ್ಯದಲ್ಲಿ ಆಕೆ ಗಂಟಲು ಹರಿಯುವ ಹಾಗೆ ಕೂಗಿ ಹಾಡುತ್ತಾಳೆ. ಆಮೇಲೆ ಪಲ್ಲವಿ ಬಂದು, ಕೊನೆಗೆ ಹಾಡು ತಾನಾಗೇ ನಿಧಾನವಾಗುತ್ತದೆ. ವೇಗ ಇಳಿಯುತ್ತದೆ, ಶ್ರುತಿಯೂ ಜೊತೆಗೇ ಜಾರುತ್ತದೆ, ಬ್ಯಾಟರಿ ಮುಗಿದ ಟೇಪ್ ರೆಕಾರ್ಡರ್ ಥರ ಎಳೆದಾಡಿಕೊಂಡು ನಿಲ್ಲುತ್ತದೆ. ನಿನ್ನ ಮನಸ್ಸಿನಲ್ಲಿರೋದನ್ನ ಬೇಡ ಅಂತ ತಳ್ಳೋಕೆ ಇಡೀ ಜಗತ್ತನ್ನೇ ನಿಲ್ಲಿಸಬೇಕಾಗುತ್ತೆ ನೋಡು ಅಂತ ಹಾಡಿಕೊಂಡು ಬಂದ ಹಾಡು, ಕಡೆಗೆ ತಾನೇ ನಿಂತುಹೋಗುತ್ತದೆ. ಕ್ರಾಸ್‌ಫೇಡ್ ಆನ್ ಇದ್ದರೆ ಅಷ್ಟು ಹೊತ್ತಿಗೆ ಮುಂದಿನ ಹಾಡು ಒಳಗೆ ನುಗ್ಗಿರುತ್ತದೆ. ದಯವಿಟ್ಟು ಆಫ್ ಮಾಡಿ.

ಚಾಪೆಲ್ ರೋನ್ ನನ್ನ ಪಾಲಿಗೆ ವರ್ಷದ ದೊಡ್ಡ ಸಂತೋಷ. ಆಕೆಯ ಆಲ್ಬಂ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಬಂದಾಗ ಹೇಳಿಕೊಳ್ಳುವಂಥ ಸದ್ದೇನೂ ಆಗಲಿಲ್ಲ. ಅದಕ್ಕೂ ಹಿಂದೆ, 2020ರಲ್ಲಿ 'ಪಿಂಕ್ ಪೋನಿ ಕ್ಲಬ್' ಬಂದ ವರ್ಷವೇ ರೆಕಾರ್ಡ್ ಕಂಪನಿ ಆಕೆಯನ್ನು ಕೈಬಿಟ್ಟಿತ್ತು. 2024ರಲ್ಲಿ ಒಲಿವಿಯಾ ರೋಡ್ರಿಗೋ ಕಾರ್ಯಕ್ರಮಗಳಲ್ಲಿ ಮೊದಲು ಹಾಡಿ ಜನರನ್ನು ಹುರಿದುಂಬಿಸುವ ಕೆಲಸದಿಂದ ಶುರುವಾಗಿ, ಆಗಸ್ಟ್ ಹೊತ್ತಿಗೆ ಷಿಕಾಗೋದ ಲೊಲ್ಲಾಪಲೂಜಾ ಸಂಗೀತ ಉತ್ಸವದಲ್ಲಿ ಆಕೆಯ ಮುಂದೆ ಕಣ್ಣು ಹಾಯಿಸಿದಷ್ಟು ದೂರ ಜನ. ಆ್ಯಪ್ ಇದನ್ನ ಯಾವಾಗ ಗಮನಿಸಿತು? ಊರೆಲ್ಲಾ ಹಾಡಿದ ಮೇಲೆ. ಒಂದು ವರ್ಷ ಹಳೆಯ ಆಲ್ಬಂ ಅದರ 'ಹೊಸ ಬಿಡುಗಡೆ' ಸಾಲಿಗೆ ಬರೋದಿಲ್ಲವಲ್ಲ. ನನಗೆ ಮೊದಲು ಹೇಳಿದ್ದು ಒಬ್ಬ ಗೆಳತಿ, ಬಾಯಿ ಮಾತಿನಲ್ಲಿ.

ಸಬ್ರಿನಾ ಕಾರ್ಪೆಂಟರ್ ವಿಷಯದಲ್ಲಿ ಆ್ಯಪ್ ತದ್ವಿರುದ್ಧ. 'ಎಸ್ಪ್ರೆಸೊ' ಒಳ್ಳೇ ಹಾಡು, ಮೂರು ನಿಮಿಷವೂ ಇಲ್ಲ, ತಲೆಗೆ ಹತ್ತೋದೂ ಬೇಗ. ಸ್ಪಾಟಿಫೈನಲ್ಲಿ ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಕೇಳಿದ ಹಾಡು ಅದು, 160 ಕೋಟಿಗೂ ಜಾಸ್ತಿ ಸಲ. ಆದರೆ ನನ್ನ ಆ್ಯಪ್‌ನ ಆಟೋಪ್ಲೇಗೆ, ಅಂದರೆ ನಾವು ಹಾಕಿದ್ದು ಮುಗಿದ ಮೇಲೆ ತಾನೇ ಹಾಡು ಆರಿಸಿ ಹಾಕುವ ಸೌಲಭ್ಯಕ್ಕೆ, ಅದೊಂದು ಚಟವೇ ಆಗಿತ್ತು. ಯಾವ ಆಲ್ಬಂ ಮುಗಿದರೂ ಆಮೇಲೆ ಎಸ್ಪ್ರೆಸೊ. ದುಃಖದ ಹಾಡು ಮುಗಿದರೂ ಎಸ್ಪ್ರೆಸೊ. ಜೂನ್ ಹೊತ್ತಿಗೆ ಆ ಮೊದಲ ಗಿಟಾರ್ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಪಾಪ, ಹಾಡಿನ ತಪ್ಪೇನಿದೆ ಇದರಲ್ಲಿ? ಆಗಸ್ಟ್‌ನಲ್ಲಿ ಬಂದ 'ಶಾರ್ಟ್ ಎನ್ ಸ್ವೀಟ್' ಹೆಸರಿಗೆ ತಕ್ಕ ಹಾಗೆ ಹನ್ನೆರಡು ಹಾಡಿನ ಪುಟ್ಟ ಆಲ್ಬಂ. ತಮಾಷೆ, ಕೊಂಕು, ಎಲ್ಲಾ ಹದವಾಗಿದೆ. ಎಲ್ಲರೂ ಈಕೆಯನ್ನು ಹೊಸಬಳು ಅಂದುಕೊಂಡರು, ಇದು ಆಕೆಯ ಆರನೇ ಆಲ್ಬಂ!

ಚಾರ್ಲಿ ಎಕ್ಸ್‌ಸಿಎಕ್ಸ್‌ಳದ್ದೂ ಆರನೆಯದೇ. 'ಬ್ರ್ಯಾಟ್', ಜೂನ್ 7. ಕಣ್ಣಿಗೆ ಹೊಡೆಯೋ ಹಸಿರು, ಮೇಲೆ ಮಸುಕು ಮಸುಕಾದ ನಾಲ್ಕು ಅಕ್ಷರ, ಅಷ್ಟೇ ಮುಖಪುಟ. ಕಾಲಿನ್ಸ್ ನಿಘಂಟು ಅದನ್ನೇ ವರ್ಷದ ಪದ ಮಾಡಿತು. ಗದ್ದಲ ಜಾಸ್ತಿಯಾಯಿತು, ನಿಜ. ಆದರೆ ಗದ್ದಲ ಇಳಿದ ಮೇಲೂ ಆಲ್ಬಂ ನಿಂತಿದೆ. ನನಗೆ ಇಡೀ ವರ್ಷದ ಅತ್ಯುತ್ತಮ ಘಳಿಗೆ ಅಂದರೆ 'ಗರ್ಲ್, ಸೋ ಕನ್‌ಫ್ಯೂಸಿಂಗ್'ನ ರೀಮಿಕ್ಸ್. ಮೂಲ ಹಾಡಿನಲ್ಲಿ ಚಾರ್ಲಿ ಇನ್ನೊಬ್ಬ ಗಾಯಕಿ ಜೊತೆಗಿನ ಮುಜುಗರದ ಸ್ನೇಹದ ಬಗ್ಗೆ ಹಾಡುತ್ತಾಳೆ: ಜನ ನಮ್ಮಿಬ್ಬರನ್ನೂ ಒಂದೇ ಥರ ಅಂತಾರೆ, ನಿನಗೆ ನಾನು ಇಷ್ಟವೋ ಇಲ್ಲವೋ ಗೊತ್ತಾಗ್ತಿಲ್ಲ ಅಂತ. ಎರಡು ವಾರದಲ್ಲಿ ಆ ಗಾಯಕಿಯೇ, ಅಂದರೆ ಲಾರ್ಡ್, ಬಂದು ಅದೇ ಹಾಡಿನಲ್ಲಿ ಉತ್ತರ ಕೊಟ್ಟಳು. ತನ್ನ ದೇಹದ ಬಗ್ಗೆ ತನಗಿದ್ದ ಸಂಕಟ, ಯಾಕೆ ದೂರ ಉಳಿದೆ ಅನ್ನೋದು, ಎಲ್ಲಾ ನೇರವಾಗಿ. ಜಗಳ ಹಾಡಿನಲ್ಲೇ ಬಗೆಹರಿಯಿತು. ಅದೇ ವರ್ಷ ರ‍್ಯಾಪ್ ಗಾಯಕರಾದ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಒಬ್ಬರನ್ನೊಬ್ಬರು ಹಾಡಿನಲ್ಲೇ ಹರಿದು ಹಾಕುತ್ತಿದ್ದರು ಅನ್ನೋದನ್ನ ನೆನೆಸಿಕೊಂಡರೆ ಇದು ಇನ್ನೂ ಇಷ್ಟವಾಗುತ್ತದೆ.

ಒಂದೇ ಆಲ್ಬಂನ ಬೇರೆ ಬೇರೆ ಆವೃತ್ತಿಗಳ ವಿಷಯ ಇಲ್ಲೇ ಹೇಳಿಬಿಡಬೇಕು. ಬ್ರ್ಯಾಟ್ ಬಂದು ಮೂರು ದಿನಕ್ಕೆ ಇನ್ನೂ ಮೂರು ಹಾಡು ಸೇರಿಸಿದ ಬ್ರ್ಯಾಟ್, ಅಕ್ಟೋಬರ್‌ನಲ್ಲಿ ಪೂರ್ತಿ ರೀಮಿಕ್ಸ್ ಆದ ಬ್ರ್ಯಾಟ್. ಆದರೆ ರೀಮಿಕ್ಸ್‌ನಲ್ಲಿ ನಿಜವಾಗಿಯೂ ಹೊಸ ಸಾಹಿತ್ಯ, ಹೊಸ ಜನ ಇದ್ದರು. ಇನ್ನೊಂದು ಕಡೆ ಸ್ವಿಫ್ಟ್‌ಳ ಆಲ್ಬಂಗೆ ಒಂದೊಂದು ಹೆಚ್ಚುವರಿ ಟ್ರ್ಯಾಕ್ ಸೇರಿಸಿ ಹತ್ತಾರು ಆವೃತ್ತಿ ಬಂದವು. ಬ್ರ್ಯಾಟ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹತ್ತಿರ ಬಂದ ವಾರವೇ ಅಲ್ಲಿಗಷ್ಟೇ ಅಂತ ಹೊಸ ಆವೃತ್ತಿಗಳು ಮಾರಾಟಕ್ಕೆ ಬಂದವು, ಬ್ರ್ಯಾಟ್ ಎರಡನೇ ಸ್ಥಾನದಲ್ಲಿ ನಿಂತಿತು. ನಿಯಮದ ಪ್ರಕಾರ ತಪ್ಪಲ್ಲ. ನೋಡೋಕೆ ಚೆನ್ನಾಗಿರಲಿಲ್ಲ, ಅಷ್ಟೇ. ಆ್ಯಪ್‌ಗೆ ಈ ಎರಡರ ವ್ಯತ್ಯಾಸ ಗೊತ್ತಾಗೋದಿಲ್ಲ. ಹುಡುಕಿದರೆ ಎಲ್ಲಾ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ, ಒಂದೇ ಹಾಡಿಗೆ ಲೈಕ್ ಒತ್ತಿದರೂ ಬೇರೆ ಆವೃತ್ತಿಯಲ್ಲಿ ಒತ್ತಿಲ್ಲ ಅಂತ ತೋರಿಸುತ್ತದೆ.

ಬಿಯಾನ್ಸೆಯ 'ಕೌಬಾಯ್ ಕಾರ್ಟರ್' ಕೂಡ ಉದ್ದವೇ, 27 ಟ್ರ್ಯಾಕ್. ಆದರೆ ಅಲ್ಲಿ ಉದ್ದಕ್ಕೆ ಕಾರಣ ಇದೆ, ರೇಡಿಯೋ ಕಾರ್ಯಕ್ರಮದ ಥರ ಕಟ್ಟಿದ್ದಾಳೆ. ಬಿಲ್‌ಬೋರ್ಡ್‌ನ ಕಂಟ್ರಿ (ಅಮೆರಿಕದ ಗ್ರಾಮೀಣ ಶೈಲಿಯ) ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆಯಾದಳು. ಆದರೂ ಕಂಟ್ರಿಯವರ ಸಿಎಂಎ ಪ್ರಶಸ್ತಿಗೆ ಒಂದೇ ಒಂದು ನಾಮನಿರ್ದೇಶನವೂ ಇಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ವರ್ಷದ ಆಲ್ಬಂ ಅಂತ ಕೊಟ್ಟರು. ಅದೇ ಆಲ್ಬಂನಲ್ಲಿ ಹಾಡಿದ್ದ ಶಬೂಜಿಯ 'ಅ ಬಾರ್ ಸಾಂಗ್' 19 ವಾರ ಹಾಟ್ 100ರ ಮೊದಲ ಸ್ಥಾನದಲ್ಲಿತ್ತು, ಲಿಲ್ ನಾಸ್ ಎಕ್ಸ್‌ನ ದಾಖಲೆಗೆ ಸಮ.

ಕೆಳಗಿಳಿದ ದಿನಗಳೂ ಇದ್ದವು. ಕೇಟಿ ಪೆರ್ರಿ 'ವುಮನ್ಸ್ ವರ್ಲ್ಡ್' ಜೊತೆ ವಾಪಸ್ ಬಂದಳು, ಹಾಟ್ 100ರಲ್ಲಿ 63ಕ್ಕೆ ನಿಂತಿತು. ಹಿಂದೆ ಒಂದೇ ಆಲ್ಬಂನಿಂದ ಐದು ಹಾಡು ಮೊದಲ ಸ್ಥಾನಕ್ಕೆ ತಂದವಳು! ಹತ್ತು ವರ್ಷ ಹಿಂದಿನ ಘೋಷಣೆಯನ್ನ ಧೂಳು ಕೊಡವಿ ತಂದ ಹಾಗಿತ್ತು. ಜೆನಿಫರ್ ಲೋಪೆಜ್ ಪ್ರವಾಸವನ್ನೇ ರದ್ದು ಮಾಡಿದಳು. ಆಗಸ್ಟ್‌ನಲ್ಲಿ ದಾಳಿಯ ಸಂಚು ಬಯಲಾಗಿ ವಿಯೆನ್ನಾದಲ್ಲಿ ಸ್ವಿಫ್ಟ್‌ಳ ಮೂರೂ ಕಾರ್ಯಕ್ರಮ ರದ್ದಾದವು. ಟಿಕೆಟ್ ಹಿಡಿದುಕೊಂಡು ಬಂದಿದ್ದ ಹುಡುಗಿಯರು ಬೀದಿಯಲ್ಲೇ ಸೇರಿ ಹಾಡಿದರು. ಅಕ್ಟೋಬರ್ 16ಕ್ಕೆ ಒನ್ ಡೈರೆಕ್ಷನ್ ತಂಡದಲ್ಲಿದ್ದ ಲಿಯಾಮ್ ಪೇನ್ ತೀರಿಕೊಂಡ, 31 ವರ್ಷಕ್ಕೆ. ಆ ತಂಡವನ್ನ ಕೇಳಿ ಬೆಳೆದವರಿಗೆ ಆ ವಾರ ಬೇರೆ ಯಾವ ಹೊಸ ಹಾಡೂ ಬೇಕಿರಲಿಲ್ಲ. ಆ್ಯಪ್ ಮಾತ್ರ ಎರಡೇ ದಿನದಲ್ಲಿ ಆತನ ಹಾಡುಗಳಿಗೊಂದು ಬಣ್ಣ ಬಣ್ಣದ ಪ್ಲೇಲಿಸ್ಟ್ ಮಾಡಿ ನೋಟಿಫಿಕೇಶನ್ ಕಳಿಸಿತು. ಇದನ್ನೆಲ್ಲ ಯಾರೂ ಕೂತು ಯೋಚಿಸಿ ಮಾಡಿರಲಿಕ್ಕಿಲ್ಲ, ಅದೇ ಬೇಜಾರು.

ನಾವು ಏನೇನು ಕೇಳಿದೆವು ಅಂತ ಆ್ಯಪ್ ಕೊಡುವ ವರ್ಷದ ಕೊನೆಯ ಲೆಕ್ಕಪತ್ರ ಅಂತೊಂದು ಬರುತ್ತದಲ್ಲ, ಎಲ್ಲರೂ ಸ್ಟೇಟಸ್‌ಗೆ ಹಾಕ್ತಾರೆ. ನನ್ನದರಲ್ಲಿ ಮೊದಲ ಸ್ಥಾನ ಎಸ್ಪ್ರೆಸೊ. ಹುಡುಕಿ ಒತ್ತಿ ಕೇಳಿದ್ದು ಕಮ್ಮಿ, ಅದೇ ತಂದು ಹಾಕಿದ್ದು ಜಾಸ್ತಿ. ತಾನೇ ಬಡಿಸಿ, ನಿಮಗೆ ಇದೇ ಇಷ್ಟ ಅಂತ ತಾನೇ ಹೇಳೋದು. ಅದಲ್ಲದೆ ಲೆಕ್ಕ ವರ್ಷ ಮುಗಿಯುವ ಮೊದಲೇ ನಿಲ್ಲುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಬಂದ ರೋಸೆ ಮತ್ತು ಬ್ರೂನೋ ಮಾರ್ಸ್‌ರ 'ಅಪಾಟು' ನನ್ನ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿತ್ತು, ಡಿಸೆಂಬರ್ ಪೂರ್ತಿ ನಮ್ಮನೆಯಲ್ಲಿ ಅದೇ ಓಡುತ್ತಿದ್ದರೂ.

ಒಳ್ಳೆಯದೂ ಹೇಳಬೇಕಲ್ಲ. ಆಫ್‌ಲೈನ್ ಡೌನ್‌ಲೋಡ್ ಒಮ್ಮೆಯೂ ಕೈಕೊಟ್ಟಿಲ್ಲ. ಹಾಡಿನ ಜೊತೆ ಓಡುವ ಸಾಹಿತ್ಯ ಚೆನ್ನಾಗಿದೆ, ಸಬ್ರಿನಾಳ ಕೊಂಕು ಅರ್ಥವಾದದ್ದೇ ಅದರಿಂದ. ಹಾಡು ಬರೆದವರು, ನಿರ್ಮಿಸಿದವರ ಹೆಸರು ಎರಡು ಒತ್ತಿಗೆ ಸಿಗುತ್ತದೆ.

ಯಾರಾದರೂ ಹೊಸದಾಗಿ ಚಂದಾ ಕಟ್ಟುವವರಿದ್ದರೆ, ಮೊದಲ ದಿನವೇ ಆಟೋಪ್ಲೇ ಆಫ್ ಮಾಡಿ, ಹೊಸ ಆಲ್ಬಂ ಬಂದರೆ ಲೈಕ್ ಒತ್ತೋಕೆ ಒಂದು ತಿಂಗಳು ಕಾಯಿರಿ. ಆಗಸ್ಟ್‌ನಲ್ಲಿ ಬಂದ ಲೇಡಿ ಗಾಗಾ, ಬ್ರೂನೋ ಮಾರ್ಸ್‌ರ 'ಡೈ ವಿತ್ ಅ ಸ್ಮೈಲ್' ಅಮೆರಿಕದಲ್ಲಿ ಮೊದಲ ಸ್ಥಾನ ಮುಟ್ಟಿದ್ದು 2025ರ ಜನವರಿಯಲ್ಲಿ. 2020ರ 'ಪಿಂಕ್ ಪೋನಿ ಕ್ಲಬ್' ಮೊದಲ ಹತ್ತರೊಳಗೆ ಬಂದದ್ದೂ 2025ರಲ್ಲೇ. ಆಗ ನಮ್ಮ ಆ್ಯಪ್ ಅದನ್ನ ನನಗೆ 'ಹೊಸದಾಗಿ ಕಂಡುಕೊಳ್ಳಿ' ಅನ್ನೋ ಸಾಲಿನಲ್ಲಿ ತೋರಿಸಿತು. ಅಷ್ಟರಲ್ಲಾಗಲೇ ಅದಕ್ಕೆ ನಾನು ಲೈಕ್ ಒತ್ತಿ ಎಷ್ಟೋ ತಿಂಗಳಾಗಿತ್ತು.