ಡಿಕೆಎಂಎಸ್, ವರ್ಷಗಟ್ಟಲೆ ಬಳಸಿದ ಮೇಲೆ: ಕರ್ನಲ್ ಬದಲಾದರೂ ಡ್ರೈವರ್ ಕೈಕೊಡಬಾರದೆಂದರೆ

ಯುಎಸ್‌ಬಿ ವೈಫೈ ಡಾಂಗಲ್ ನಿನ್ನೆವರೆಗೆ ಚೆನ್ನಾಗಿತ್ತು. ರಾತ್ರಿ ಅಪ್‌ಡೇಟ್ ಆಯಿತು, ಬೆಳಿಗ್ಗೆ ನೋಡಿದರೆ ನೆಟ್‌ವರ್ಕ್ ಪಟ್ಟಿಯೇ ಖಾಲಿ. ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಜೊತೆಗೆ ಬರದ ಡ್ರೈವರ್ ಹಾಕಿಕೊಂಡವರಿಗೆ ಈ ಪಾಡು ಹೊಸದಲ್ಲ. ಡಾಂಗಲ್ ಕೆಟ್ಟಿಲ್ಲ, ಡ್ರೈವರೂ ಕೆಟ್ಟಿಲ್ಲ. ಕಂಪೈಲ್ ಆದ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಜೋಡಿಸುವ ಡ್ರೈವರ್ ಕಡತ, ಹಳೆಯ ಕರ್ನಲ್‌ನ ಫೋಲ್ಡರಿನಲ್ಲೇ ಕೂತಿದೆ, ಯಂತ್ರ ಮಾತ್ರ ಹೊಸ ಕರ್ನಲ್‌ನಲ್ಲಿ ಬೂಟ್ ಆಗಿದೆ. ಈ ಒಂದು ತೊಂದರೆಗೆಂದೇ ಡೆಲ್ ಕಂಪನಿಯವರು 2003ರಲ್ಲಿ ಡಿಕೆಎಂಎಸ್ ಬರೆದರು. ಪೂರ್ತಿ ಹೆಸರು ಡೈನಾಮಿಕ್ ಕರ್ನಲ್ ಮಾಡ್ಯೂಲ್ ಸಪೋರ್ಟ್. ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಮಾಡಿಸುವುದು ಇದರ ಕೆಲಸ. ಒಳಗಿರುವುದು ಒಂದು ದೊಡ್ಡ ಬ್ಯಾಶ್ ಸ್ಕ್ರಿಪ್ಟ್.

ಈ ವಿಮರ್ಶೆ ಡೆಬಿಯನ್ ಮತ್ತು ಉಬುಂಟು ಯಂತ್ರಗಳ ಬಳಕೆಗೆ ಸಂಬಂಧಿಸಿದ್ದು. ಡಿಕೆಎಂಎಸ್ ಮೇಲೆ ಓಡಿದ್ದು ರಿಯಲ್‌ಟೆಕ್ 8821ಸಿಯು ಚಿಪ್ಪಿನ ಡಾಂಗಲ್, ವರ್ಚುವಲ್‌ಬಾಕ್ಸ್, ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್, ನಕಲಿ ಕ್ಯಾಮೆರಾ ಒದಗಿಸುವ ವಿ4ಎಲ್2ಲೂಪ್‌ಬ್ಯಾಕ್. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಉಪಕರಣ ನಂಬಿಕೆಗೆ ಅರ್ಹ, ಆದರೆ ಅದು ಸೋತಾಗ ನಿಮಗೆ ತಿಳಿಸುತ್ತದೆ ಎಂಬುದನ್ನು ನಂಬಬೇಡಿ. ರೀಬೂಟ್ ಮಾಡುವ ಮುಂಚೆ ನೀವೇ ನೋಡಿಕೊಳ್ಳಬೇಕು.

ಕೆಲಸದ ರೀತಿ ಸರಳ. ಡ್ರೈವರಿನ ಸೋರ್ಸ್ ಕೋಡ್ 'ಯುಎಸ್ಆರ್' ಒಳಗಿನ 'ಎಸ್ಆರ್‌ಸಿ'ಯಲ್ಲಿ ಹೆಸರು-ಆವೃತ್ತಿ ಎಂಬ ರೂಪದ ಫೋಲ್ಡರಿನಲ್ಲಿ ಇರುತ್ತದೆ. ಅದರೊಳಗೆ ಡಿಕೆಎಂಎಸ್ ಡಾಟ್ ಕಾನ್ಫ್ ಎಂಬ ಪುಟ್ಟ ಕಡತ. ಪ್ಯಾಕೇಜಿನ ಹೆಸರು, ಆವೃತ್ತಿ, ತಯಾರಾಗುವ ಮಾಡ್ಯೂಲಿನ ಹೆಸರು, ಮೇಕ್ ಆಜ್ಞೆ, ಆಟೋಇನ್‌ಸ್ಟಾಲ್ ಸಾಲು ಇವಿಷ್ಟಿದ್ದರೆ ಸಾಕು. ಆಟೋಇನ್‌ಸ್ಟಾಲ್‌ಗೆ 'ಯೆಸ್' ಕೊಡುವುದನ್ನು ಮರೆತರೆ ಮೊದಲ ಸಲ ಎಲ್ಲವೂ ನೆಟ್ಟಗೆ ನಡೆಯುತ್ತದೆ, ಮುಂದಿನ ಕರ್ನಲ್ ಬಂದಾಗ ಮಾತ್ರ ಏನೂ ಆಗುವುದಿಲ್ಲ. ಆಮೇಲೆ ಮೂರು ಹಂತ: ಆಡ್, ಬಿಲ್ಡ್, ಇನ್‌ಸ್ಟಾಲ್. 'ಡಿಕೆಎಂಎಸ್ ಸ್ಟೇಟಸ್' ಕೊಟ್ಟರೆ ಯಾವ ಮಾಡ್ಯೂಲ್ ಯಾವ ಕರ್ನಲ್‌ಗೆ ಯಾವ ಹಂತದಲ್ಲಿದೆ ಎಂದು ಸಾಲುಸಾಲಾಗಿ ತೋರಿಸುತ್ತದೆ. 'ಆಡೆಡ್' ಎಂದಷ್ಟೇ ಇದ್ದರೆ ಸೋರ್ಸ್ ಸಿಕ್ಕಿದೆ, ಅಡುಗೆ ಆಗಿಲ್ಲ ಎಂದು ಅರ್ಥ. 'ಇನ್‌ಸ್ಟಾಲ್ಡ್' ಪಕ್ಕದಲ್ಲೇ ಬಿಲ್ಡ್ ಆದ ಮಾಡ್ಯೂಲಿಗೂ ಇನ್‌ಸ್ಟಾಲ್ ಆದದ್ದಕ್ಕೂ ವ್ಯತ್ಯಾಸವಿದೆ ಎಂಬ ಎಚ್ಚರಿಕೆ ಬಂದರೆ, ಬೇರೇನೋ ಆ ಕಡತವನ್ನು ಮುಟ್ಟಿದೆ. ಒಮ್ಮೆ ರಿಮೂವ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುವುದು ಒಳ್ಳೆಯದು.

ಉಬುಂಟುವಿನಲ್ಲಿ ತಯಾರಾದ ಮಾಡ್ಯೂಲ್ ಆಯಾ ಕರ್ನಲ್ ಫೋಲ್ಡರಿನ 'ಅಪ್‌ಡೇಟ್ಸ್' ಒಳಗಿನ 'ಡಿಕೆಎಂಎಸ್' ಜಾಗಕ್ಕೆ ಹೋಗುತ್ತದೆ. ಮಾಡ್ಯೂಲ್‌ಗಳ ಪಟ್ಟಿ ತಯಾರಿಸುವ ಡೆಪ್‌ಮಾಡ್ ಹುಡುಕುವಾಗ 'ಅಪ್‌ಡೇಟ್ಸ್' ಮೊದಲು, ಕರ್ನಲ್ ಜೊತೆಗೆ ಬಂದದ್ದು ಆಮೇಲೆ. ಒಂದೇ ಹೆಸರಿನ ಎರಡು ಮಾಡ್ಯೂಲ್ ಇದ್ದರೆ ಹೊರಗಿನದೇ ಗೆಲ್ಲುವುದು ಇದರಿಂದ. ಹೆಸರು ಬೇರೆಯಾಗಿದ್ದು ಹಿಡಿಯುವ ಸಾಧನ ಒಂದೇ ಆಗಿದ್ದರೆ ಈ ನಿಯಮ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಕೊನೆಗೆ ನೋಡೋಣ.

ಅತಿ ಹೆಚ್ಚು ಸಲ ಎಡವುವುದು ಹೆಡರ್ ವಿಷಯದಲ್ಲಿ, ಅಂದರೆ ಒಂದು ಕರ್ನಲ್‌ಗೆ ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಕಡತಗಳಲ್ಲಿ. ಹೊಸ ಕರ್ನಲ್ ಬಂದಾಗ ಡಿಕೆಎಂಎಸ್ ತಾನಾಗಿಯೇ ಓಡುತ್ತದೆ, ಆದರೆ ಆ ಕರ್ನಲ್‌ನ ಹೆಡರ್‌ಗಳು ಇಲ್ಲದಿದ್ದರೆ ಬಿಲ್ಡ್ ಬಿಟ್ಟು ಮುಂದೆ ಹೋಗಿಬಿಡುತ್ತದೆ. ಅಪ್‌ಡೇಟ್ ಯಶಸ್ವಿಯಾಗಿ ಮುಗಿದಂತೆಯೇ ಕಾಣುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಜನ 'ಯುನೇಮ್ -ಆರ್' ತೋರಿಸಿದ ಆವೃತ್ತಿಯ ಹೆಡರ್ ಪ್ಯಾಕೇಜನ್ನು ಮಾತ್ರ ಹಾಕಿರುತ್ತಾರೆ. ಅದು ಈಗಿನ ಕರ್ನಲ್‌ಗೆ ಸರಿ, ನಾಳೆಯದಕ್ಕೆ ಅಲ್ಲ. ಹಾಕಬೇಕಾದ್ದು ಉಬುಂಟುವಿನಲ್ಲಿ 'ಲಿನಕ್ಸ್-ಹೆಡರ್ಸ್-ಜೆನೆರಿಕ್', 64 ಬಿಟ್ ಪಿಸಿಯ ಡೆಬಿಯನ್‌ನಲ್ಲಿ 'ಲಿನಕ್ಸ್-ಹೆಡರ್ಸ್-ಎಎಂಡಿ64'. ಇವು ಕರ್ನಲ್ ಜೊತೆಜೊತೆಗೇ ಮುಂದೆ ಸಾಗುತ್ತವೆ. ಉಬುಂಟು ಎಲ್‌ಟಿಎಸ್‌ನಲ್ಲಿ ಎಚ್‌ಡಬ್ಲ್ಯುಇ ಕರ್ನಲ್ (ಹೊಸ ಯಂತ್ರಾಂಶಕ್ಕೆಂದು ಕೊಡುವ ಹೆಚ್ಚು ಹೊಸ ಕರ್ನಲ್) ಓಡಿಸುವವರು ಹೆಡರನ್ನೂ ಎಚ್‌ಡಬ್ಲ್ಯುಇ ಸಾಲಿನದ್ದೇ ಹಾಕಬೇಕು.

ಎರಡನೆಯದು ಕಂಪೈಲರ್, ಅಂದರೆ ಸೋರ್ಸನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ. ಉಬುಂಟು 22.04ರ ಜಿಸಿಸಿ 11ನೆಯದು, ಅದಕ್ಕೆ ಬಂದ 6.5 ಎಚ್‌ಡಬ್ಲ್ಯುಇ ಕರ್ನಲ್ ಕಂಪೈಲ್ ಆದದ್ದು ಜಿಸಿಸಿ 12ರಲ್ಲಿ. 12ಕ್ಕೆ ಗೊತ್ತಿರುವ, ವೇರಿಯಬಲ್‌ಗಳಿಗೆ ಸೊನ್ನೆ ತುಂಬುವ ಒಂದು ಆಯ್ಕೆ 11ಕ್ಕೆ ಗೊತ್ತಿರಲಿಲ್ಲ. ಹೊರಗಿನ ಡ್ರೈವರ್ ಬಿಲ್ಡ್‌ಗಳೆಲ್ಲ 'ಅನ್‌ರೆಕಗ್ನೈಸ್ಡ್ ಕಮಾಂಡ್-ಲೈನ್ ಆಪ್ಷನ್' ಎಂದು ಮಗುಚಿಕೊಂಡವು. ಡ್ರೈವರಿನ ಸೋರ್ಸ್ ಬದಲಿಸಲು ಹೋದವರು ಸುಮ್ಮನೆ ಸಮಯ ಕಳೆದರು. ಬೇಕಿದ್ದದ್ದು ಜಿಸಿಸಿ-12 ಪ್ಯಾಕೇಜ್ ಒಂದೇ. ಕರ್ನಲ್ ಯಾವ ಕಂಪೈಲರಿನದು ಎಂದು 'ಪ್ರೊಕ್' ಫೋಲ್ಡರಿನ ಒಳಗಿನ 'ವರ್ಷನ್' ಕಡತದ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಅದನ್ನು ಮೊದಲು ಓದಿ.

ಈಗ ನಿಜವಾದ ಕಷ್ಟ. ಬಳಕೆದಾರರ ಪ್ರೋಗ್ರಾಂಗಳನ್ನು ಮುರಿಯುವುದಿಲ್ಲ ಎಂಬ ಮಾತನ್ನು ಲಿನಕ್ಸ್ ಕರ್ನಲ್ ತಂಡ ಗಟ್ಟಿಯಾಗಿ ಪಾಲಿಸುತ್ತದೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳ ಬಗ್ಗೆ ಅಂಥ ಮಾತು ಕೊಟ್ಟೇ ಇಲ್ಲ. ಯಾರಾದರೂ ಒಂದು ಫಂಕ್ಷನ್ ಬದಲಿಸಿದರೆ ಕರ್ನಲ್ ಒಳಗಿರುವ ಎಲ್ಲ ಡ್ರೈವರ್‌ಗಳನ್ನೂ ಅವರೇ ತಿದ್ದುತ್ತಾರೆ, ಹೊರಗಿರುವವರನ್ನು ಕೇಳುವವರಿಲ್ಲ. ಕರ್ನಲ್ 4.15ರಲ್ಲಿ ಟೈಮರ್ ಹೂಡುವ ರೀತಿ ಬದಲಾಯಿತು. 5.0ರಲ್ಲಿ 'ಆಕ್ಸೆಸ್_ಓಕೆ'ಗೆ ಮೂರರ ಬದಲು ಎರಡೇ ಆರ್ಗ್ಯುಮೆಂಟ್. 5.6ರಲ್ಲಿ ಪ್ರೊಕ್ ಕಡತಗಳಿಗೆ 'ಪ್ರೊಕ್_ಆಪ್ಸ್' ಎಂಬ ಬೇರೆ ಸ್ಟ್ರಕ್ಚರ್. 6.4ರಲ್ಲಿ 'ಕ್ಲಾಸ್_ಕ್ರಿಯೇಟ್' ಒಂದು ಆರ್ಗ್ಯುಮೆಂಟ್ ಕಳೆದುಕೊಂಡಿತು. 6.15ರಲ್ಲಿ ಹಳೆಯ ಮೇಕ್‌ಫೈಲ್‌ಗಳು ನೆಚ್ಚಿಕೊಂಡಿದ್ದ 'ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್' ಹೋಯಿತು, 'ಸಿಸಿಫ್ಲ್ಯಾಗ್ಸ್-ವೈ' ಬರೆಯಬೇಕು. ಈ ಕೊನೆಯದು ಮೋಸ ಮಾಡುವಂಥದ್ದು: ಫ್ಲ್ಯಾಗ್ ತಲುಪದೆ ಹೆಡರ್ ಕಡತ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ, ನೋಡಿದರೆ ಕಡತ ಅಲ್ಲೇ ಇರುತ್ತದೆ.

ಡಿಕೆಎಂಎಸ್ ಇದನ್ನು ಸರಿಮಾಡಲಾರದು, ಅದು ಕಂಪೈಲ್ ಮಾಡಿಸುವ ಆಳು ಮಾತ್ರ. ಹೊಸ ಆವೃತ್ತಿಗಳಲ್ಲಿ ಬಿಲ್ಡ್ ಸೋತರೆ ಕರ್ನಲ್ ಪ್ಯಾಕೇಜಿನ ಕಾನ್ಫಿಗರೇಷನ್ ಕೂಡ ಅರ್ಧಕ್ಕೆ ನಿಲ್ಲಬಹುದು. ಕಿರಿಕಿರಿ ನಿಜ, ಆದರೆ ಸದ್ದಿಲ್ಲದೆ ಸೋಲುವುದಕ್ಕಿಂತ ಇದು ನೂರು ಪಾಲು ಮೇಲು. ಆಗ ತೆರೆಯಬೇಕಾದ್ದು 'ವಾರ್-ಲಿಬ್-ಡಿಕೆಎಂಎಸ್' ಕೆಳಗೆ ಆ ಮಾಡ್ಯೂಲಿನ 'ಮೇಕ್ ಡಾಟ್ ಲಾಗ್'. ಕೊನೆಯ ಸಾಲು ಓದಬೇಡಿ, ಅಲ್ಲಿ 'ಎರರ್ 2' ಬಿಟ್ಟರೆ ಏನೂ ಸಿಗದು. ಮೇಲಿನಿಂದ ಹುಡುಕುತ್ತ ಬಂದು ಮೊದಲ 'ಎರರ್' ಪದ ಸಿಕ್ಕಲ್ಲಿ ನಿಲ್ಲಿ. ಅಲ್ಲಿರುವ ಫಂಕ್ಷನ್ ಹೆಸರು, ಕರ್ನಲ್ ಆವೃತ್ತಿ ಎರಡೂ ಗೊತ್ತಾದರೆ ಡ್ರೈವರಿನ ಹೊಸ ಸೋರ್ಸ್‌ನಲ್ಲಿ ತಿದ್ದುಪಡಿ ಬಂದಿದೆಯೇ ಎಂದು ನೋಡುವುದು ಸುಲಭ. ಬಾರದಿದ್ದರೆ ಹಳೆಯ ಕರ್ನಲ್‌ನಲ್ಲೇ ಇರಿ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯದನ್ನು ಆರಿಸಬಹುದು, ಆದ್ದರಿಂದ ಒಂದು ಹಳೆಯ ಕರ್ನಲ್ ಉಳಿಸಿಕೊಳ್ಳುವುದು ಕಡ್ಡಾಯ. ಲಾಗ್‌ನಲ್ಲಿ 'ಕಿಲ್ಡ್' ಎಂದಿದ್ದರೆ ಕೋಡ್ ತಪ್ಪಲ್ಲ, ಮೆಮೊರಿ ಸಾಲದೆ ಕರ್ನಲ್ ಕಂಪೈಲರನ್ನು ಮುಗಿಸಿದೆ. 1 ಜಿಬಿ ಯಂತ್ರಗಳಲ್ಲಿ 'ಡಿಕೆಎಂಎಸ್ ಬಿಲ್ಡ್'ಗೆ '-ಜೆ 1' ಕೊಟ್ಟು ಒಂದೊಂದೇ ಕಡತ ಕಂಪೈಲ್ ಮಾಡಿಸಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ 'ಡಿಪಿಕೆಜಿ' ಆಜ್ಞೆಗೆ ಕಾನ್ಫಿಗರ್ ಆಯ್ಕೆ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿ, ಆಮೇಲೆ ಸ್ಟೇಟಸ್ ನೋಡಿ.

ಒಪ್ಪಿದ ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಗೋಡೆ ಇದೆ. ಬಿಲ್ಡ್ ಸರಿ, ಇನ್‌ಸ್ಟಾಲ್ ಸರಿ, ಮಾಡ್ಯೂಲ್ ಲೋಡ್ ಮಾಡಲು 'ಮಾಡ್‌ಪ್ರೋಬ್' ಕೊಟ್ಟರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'. ಡಿಕೆಎಂಎಸ್ ಮಾಡ್ಯೂಲಿಗೆ ಸಹಿ ಹಾಕಿರುತ್ತದೆ, ಆ ಸಹಿಯ ಕೀಲಿಯನ್ನು ಯಂತ್ರ ಇನ್ನೂ ಒಪ್ಪಿರುವುದಿಲ್ಲ. 'ಮೋಕ್‌ಯುಟಿಲ್' ಬಳಸಿ ಕೀಲಿಯನ್ನು ಇಂಪೋರ್ಟ್ ಮಾಡಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಆಗ ನೀಲಿ ಪರದೆ ಬಂದು ಯಾವುದಾದರೂ ಕೀ ಒತ್ತಲು 10 ಸೆಕೆಂಡ್ ಕಾಯುತ್ತದೆ. ಚಹಾ ತರಲು ಎದ್ದುಹೋದರೆ ಅವಕಾಶ ತಪ್ಪಿತು, ಇಂಪೋರ್ಟ್‌ನಿಂದ ಮತ್ತೆ ಶುರು. 'ಎನ್‌ರೋಲ್ ಮೋಕ್' (ಮೋಕ್ ಎಂದರೆ ಯಂತ್ರದ ಮಾಲೀಕರ ಕೀಲಿ) ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಈ ಪರದೆಗೆ ಅಮೆರಿಕನ್ ಕೀಬೋರ್ಡ್ ವಿನ್ಯಾಸ ಮಾತ್ರ ಗೊತ್ತು, ಹಾಗಾಗಿ ಪಾಸ್‌ವರ್ಡಿನಲ್ಲಿ ಅಂಕಿ, ಸಣ್ಣ ಅಕ್ಷರಗಳಷ್ಟೇ ಇರಲಿ. ಕೀಲಿ ಒಮ್ಮೆ ಸೇರಿದರೆ ಮುಂದಿನ ಕರ್ನಲ್‌ಗಳಿಗೂ ಅದೇ ನಡೆಯುತ್ತದೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಐದು ನಿಮಿಷದ ಕೆಲಸಕ್ಕೆ ಹೆದರಿ ಕಾವಲನ್ನೇ ತೆಗೆಯುವುದು ಬೇಡ.

ರೀಬೂಟ್‌ಗೆ ಮುಂಚೆ ಮಾಡಬೇಕಾದ ಪರೀಕ್ಷೆ ಒಂದೇ: 'ಮಾಡ್‌ಇನ್ಫೋ -ಕೆ', ಅದರ ಮುಂದೆ ಹೊಸ ಕರ್ನಲ್ ಆವೃತ್ತಿ, ಮಾಡ್ಯೂಲ್ ಹೆಸರು. ಕಡತದ ದಾರಿಯಲ್ಲಿ 'ಅಪ್‌ಡೇಟ್ಸ್' ಇದ್ದು, 'ವರ್ಮ್ಯಾಜಿಕ್' (ಯಾವ ಕರ್ನಲ್‌ಗೆ ತಯಾರಾದದ್ದು ಎಂಬ ಗುರುತು) ಸಾಲಿನ ಆವೃತ್ತಿ ಹೊಸ ಕರ್ನಲ್‌ನದ್ದೇ ಆಗಿದ್ದರೆ ಧೈರ್ಯವಾಗಿ ರೀಬೂಟ್ ಮಾಡಿ. ವರ್ಮ್ಯಾಜಿಕ್ ತಾಳೆಯಾಗದಿದ್ದರೆ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಕಾದಿರುತ್ತದೆ. ಇಷ್ಟಾಗಿಯೂ ವೈಫೈ ಹೋದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ ಒಳಗೇ ಇದೆ, ಹೆಡರ್ ಇಳಿಸಿಕೊಳ್ಳಲು ಅಷ್ಟು ಸಾಕು.

ಡಿಕೆಎಂಎಸ್‌ಗೆ ಸೇರಿಸಿದ ಡ್ರೈವರ್ ಅಲ್ಲೇ ಶಾಶ್ವತವಾಗಿ ಇರಬೇಕೆಂದಿಲ್ಲ. ವಿಪಿಎನ್‌ಗೆ ಬಳಸುವ ವೈರ್‌ಗಾರ್ಡ್ ಮೊದಲು ಹೀಗೇ ಹೊರಗಿನಿಂದ ಬರುತ್ತಿತ್ತು, 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ 5.6ರೊಂದಿಗೆ ಕರ್ನಲ್ ಒಳಗೆ ಸೇರಿತು. 8821ಸಿಯುಗೂ 6.2ರಿಂದ 'ಆರ್‌ಟಿಡಬ್ಲ್ಯು88' ಕುಟುಂಬದ ಒಳಡ್ರೈವರ್ ಇದೆ. ಹಾಗಿದ್ದೂ ಹಳೆಯ ಹೊರಡ್ರೈವರನ್ನು ಎಳೆದಾಡುತ್ತಿರುವವರು ಬಹಳ ಮಂದಿ. ಎರಡೂ ಒಂದೇ ಯುಎಸ್‌ಬಿ ಗುರುತನ್ನು ಹಿಡಿಯುವುದರಿಂದ ಹೊರಡ್ರೈವರಿನ ಇನ್‌ಸ್ಟಾಲ್ ಸ್ಕ್ರಿಪ್ಟ್ 'ಮಾಡ್‌ಪ್ರೋಬ್ ಡಾಟ್ ಡಿ'ಯಲ್ಲಿ ಒಳಗಿನದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿರುತ್ತದೆ, ಅಂದರೆ ತಾನಾಗಿ ಲೋಡ್ ಆಗದಂತೆ ತಡೆದಿರುತ್ತದೆ. 'ಡಿಕೆಎಂಎಸ್ ರಿಮೂವ್'ಗೆ 'ಆಲ್' ಆಯ್ಕೆ ಕೊಟ್ಟು ಹೊರಗಿನದನ್ನು ತೆಗೆದರೂ ಆ ಸಾಲು ಅಲ್ಲೇ ಉಳಿಯುತ್ತದೆ. ಆಗ ಎರಡೂ ಡ್ರೈವರ್ ಇಲ್ಲದ ಸ್ಥಿತಿ. ಬ್ಲ್ಯಾಕ್‌ಲಿಸ್ಟ್ ಕಡತ ಅಳಿಸಿ, ಡಾಂಗಲ್ ಕಿತ್ತು ಸಿಕ್ಕಿಸಿ, 'ಎಲ್ಎಸ್‌ಯುಎಸ್‌ಬಿ -ಟಿ' ಕೊಟ್ಟು ಅದರ ಸಾಲಿನಲ್ಲಿ 'ಡ್ರೈವರ್' ಎಂಬುದರ ಮುಂದೆ ಏನಿದೆ ನೋಡಿ. ಅಲ್ಲಿ 'ಯುಎಸ್‌ಬಿ-ಸ್ಟೋರೇಜ್' ಎಂದಿದ್ದರೆ ಡಾಂಗಲ್ ಇನ್ನೂ ವಿಂಡೋಸ್ ಡ್ರೈವರ್ ತುಂಬಿದ ಸಿಡಿಯ ವೇಷದಲ್ಲೇ ಇದೆ, ಮೊದಲು ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ. 'ಆರ್‌ಟಿಡಬ್ಲ್ಯು' ಎಂದು ಶುರುವಾಗಿ '8821ಸಿಯು' ಎಂದು ಮುಗಿಯುವ ಹೆಸರಿದ್ದರೆ ಆ ಯಂತ್ರದಲ್ಲಿ ಡಾಂಗಲ್‌ಗಾಗಿ ಡಿಕೆಎಂಎಸ್ ಇನ್ನು ಬೇಡ.